ಅದಿರು ಲಾರಿಗಳ ಹಿಂದೆ 78,000 ಕಿ.ಮೀ.: ನನ್ನ ವ್ಯಾಗನ್ ಆರ್‌ನ ಏರ್ ಫಿಲ್ಟರ್‌ಗಳು

ಮನೆ ಹೊಸಪೇಟೆಯಲ್ಲಿ, ಕೆಲಸ ತೋರಣಗಲ್ಲಿನಲ್ಲಿ. ದಿನಾ ಹೋಗಿಬರುವುದೇ 60 ಕಿ.ಮೀ. ದಾಟುತ್ತದೆ. ಈ ದಾರಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದಿರು ಲಾರಿಯ ಹಿಂದೆ ಸಿಕ್ಕಿಕೊಂಡರೆ ಬಿಳಿ ಕಾರು ಸಂಜೆ ಹೊತ್ತಿಗೆ ಇಟ್ಟಿಗೆ ಬಣ್ಣ. ನನ್ನದು 1.2 ಪೆಟ್ರೋಲ್ ವ್ಯಾಗನ್ ಆರ್. ಐದು ವರ್ಷದಲ್ಲಿ ಓಡಿದ್ದು 78,000 ಕಿ.ಮೀ. ಈಗ ಒಳಗೆ ಕೂತಿರುವುದು ಆರನೇ ಏರ್ ಫಿಲ್ಟರ್.

ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ನನ್ನ ಆಫೀಸ್ ಓಡಾಟಕ್ಕೆ ದಿನಕ್ಕೆ ಮೂರೂವರೆ ಲೀಟರ್ ಪೆಟ್ರೋಲ್ ಆಗುತ್ತದೆ. ಅಷ್ಟು ಗಾಳಿ, ಅದೂ ಈ ರಸ್ತೆಯದ್ದು, ಇಂಜಿನ್‌ಗೆ ಹೋಗುವ ಮುಂಚೆ ಈ ಫಿಲ್ಟರ್‌ನ ಮಡಿಕೆ ಮಡಿಕೆ ಕಾಗದದ ಮೂಲಕ ನುಗ್ಗಬೇಕು!

ಮೊದಲನೆಯದು ಗಾಡಿಯ ಜೊತೆ ಬಂದದ್ದು. ಕೈಪಿಡಿಯಲ್ಲಿ ಸಾಮಾನ್ಯ ರಸ್ತೆಗೆ 40,000 ಕಿ.ಮೀ. ಅಂತಿದೆ, ಧೂಳಿನ ರಸ್ತೆಗೆ ಅದಕ್ಕಿಂತ ಬೇಗ. ನಾನು 20,000ಕ್ಕೆ ತೆಗೆದಾಗ ಮಡಿಕೆಗಳ ನಡುವೆ ಕೆಂಪು ಪುಡಿ ಗಟ್ಟಿಯಾಗಿ ಕೂತಿತ್ತು. ನೆಲಕ್ಕೆ ಕುಟ್ಟಿದರೆ ಕುಂಕುಮ ಚೆಲ್ಲಿದ ಹಾಗೆ.

ಎರಡನೆಯದರಲ್ಲಿ ನಾನು ಜಾಣನಾಗಲು ಹೋದೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ 120 ರೂಪಾಯಿಗೆ ಹೆಸರಿಲ್ಲದ ಒಂದು ಫಿಲ್ಟರ್ ಸಿಕ್ಕಿತು. ನೋಡಲು ಬೆಳ್ಳಗೆ, ಚೆನ್ನಾಗೇ ಇತ್ತು. 6,000 ಕಿ.ಮೀ. ಆದ ಮೇಲೆ ತೆಗೆದರೆ ಆಗಲೂ ಹೆಚ್ಚು ಕೊಳೆಯಾಗಿರಲಿಲ್ಲ. ಪರವಾಗಿಲ್ಲ ಅಂದುಕೊಂಡೆ. ಆಮೇಲೆ ಸುಮ್ನೆ ಫಿಲ್ಟರ್ ಕೂರುವ ಡಬ್ಬಿಯ ಇನ್ನೊಂದು ಬದಿ, ಅಂದರೆ ಸೋಸಿದ ಗಾಳಿ ಇಂಜಿನ್‌ಗೆ ಹೋಗುವ ಕಡೆ, ಬೆರಳು ಆಡಿಸಿದೆ. ಬೆರಳು ಕೆಂಪಾಯಿತು! ಅಂಚಿನ ರಬ್ಬರ್ ಪ್ಲಾಸ್ಟಿಕ್‌ನಂತೆ ಬಿರುಸು, ಒಂದು ಮೂಲೆಯಲ್ಲಿ ಕೂತೇ ಇರಲಿಲ್ಲ. ಗಾಳಿ ಕಾಗದದೊಳಗೆ ಯಾಕೆ ಕಷ್ಟಪಟ್ಟು ಹೋಗಬೇಕು, ಪಕ್ಕದಲ್ಲೇ ಸಂದಿ ಇರುವಾಗ? ಫಿಲ್ಟರ್ ಬೆಳ್ಳಗೆ ಉಳಿದದ್ದು ಅದಕ್ಕೇ. ಅದಿರಿನ ಪುಡಿ ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗ್ ಎಲ್ಲವನ್ನೂ ಉಜ್ಜಿ ಸವೆಸುತ್ತದೆ. ಅವತ್ತೇ ಅದನ್ನು ಬಿಸಾಕಿದೆ.

ಅಲ್ಲಿಂದ ಈಚೆಗೆ ಮಾರುತಿಯ ಒರಿಜಿನಲ್ ಮಾತ್ರ. ನಾನು ಕೊಟ್ಟಿರುವುದು 300 ರೂಪಾಯಿಯ ಆಸುಪಾಸು. ಅಂಚು ಮೆತ್ತಗೆ, ಒತ್ತಿದರೆ ಡಬ್ಬಿಯ ತೋಡಿಗೆ ಸರಿಯಾಗಿ ಇಳಿಯುತ್ತದೆ. ಹಾಕುವ ಮುಂಚೆ ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಇಂಜಿನ್ ಕಡೆಗೆ ಒಂದು ಕಣವೂ ಬೀಳದ ಹಾಗೆ. ಎಲ್ಲಾ ಸೇರಿ ಹತ್ತು ನಿಮಿಷದ ಕೆಲಸ. ಕ್ಲಿಪ್ ಬಿಚ್ಚಲು ಬರುವವರು ಯಾರು ಬೇಕಾದರೂ ಮಾಡಬಹುದು. ಎ.ಸಿ. ಫಿಲ್ಟರ್ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಅದು ನಮ್ಮ ಮೂಗಿಗೆ, ಇದು ಇಂಜಿನ್‌ಗೆ.

ಫಿಲ್ಟರ್ ಅಂಚಿನ ಮೇಲೆ ಮಾರ್ಕರ್‌ನಲ್ಲಿ ತಾರೀಖು, ಕಿಲೋಮೀಟರ್ ಬರೆದಿಡುವುದು ನನ್ನ ಅಭ್ಯಾಸ. 41,000ಕ್ಕೆ ಅದು ಉಪಯೋಗಕ್ಕೆ ಬಂತು. ಒಂದು ಸರ್ವಿಸ್ ಸೆಂಟರ್‌ನ ಬಿಲ್‌ನಲ್ಲಿ ಹೊಸ ಏರ್ ಫಿಲ್ಟರ್‌ಗೆ ದುಡ್ಡು ಹಿಡಿದಿದ್ದರು. ಅಲ್ಲೇ ಬಾನೆಟ್ ಎತ್ತಿ ಡಬ್ಬಿ ಬಿಚ್ಚಿದೆ. ಒಳಗೆ ನನ್ನದೇ ಕೈಬರಹ, 26,000. "ಹುಡುಗ ಮರೆತಿರಬೇಕು ಸರ್" ಅಂದರು. ಇರಬಹುದು. ಹೊಸದು ಹಾಕಿಸಿಕೊಂಡೇ ಹೊರಟೆ. ಈಗ ಏರ್ ಫಿಲ್ಟರ್ ಅನ್ನುವ ಸಾಲನ್ನು, ಸರ್ವಿಸ್‌ಗೆ ಮುಂಚೆ ಕೆಲಸಗಳ ಪಟ್ಟಿ ಬರೆಯುವ ಜಾಬ್ ಕಾರ್ಡ್‌ನಲ್ಲೇ ಹೊಡೆದು ಹಾಕಿಸುತ್ತೇನೆ.

ಇನ್ನು ಮೈಲೇಜ್ ವಿಷಯ. "ಫಿಲ್ಟರ್ ಬದಲಾಯಿಸಿದ್ರೆ ಮೈಲೇಜ್ ಏರುತ್ತೆ ಸರ್" ಅಂತ ಎಲ್ಲಾ ಕೌಂಟರ್‌ನಲ್ಲೂ ಹೇಳುತ್ತಾರೆ. ನಾನು ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ಲೆಕ್ಕ ಬರೆಯುತ್ತೇನೆ. ಹಳೆಯದಕ್ಕೂ ಹೊಸದಕ್ಕೂ ಹೇಳುವಂಥ ವ್ಯತ್ಯಾಸ ಕಂಡಿಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷಿಸಿದಾಗಲೂ ಹಾಗೇ ಬಂದಿತ್ತು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಎಷ್ಟು ಗಾಳಿ ಬರುತ್ತಿದೆ ಅಂತ ಸೆನ್ಸರ್ ನೋಡುತ್ತದೆ, ಇಂಜಿನ್‌ನ ಕಂಪ್ಯೂಟರ್ ಅಷ್ಟಕ್ಕೇ ಪೆಟ್ರೋಲ್ ಬಿಡುತ್ತದೆ. ಕಟ್ಟಿಕೊಂಡ ಫಿಲ್ಟರ್‌ನಿಂದ ಇಳಿಯುವುದು ಪಿಕಪ್. ಲಾರಿಯನ್ನು ಹಿಂದಿಕ್ಕುವಾಗ ಅದು ಗೊತ್ತಾಗುತ್ತದೆ. ಮೈಲೇಜ್ ಏರುತ್ತೆ ಅನ್ನುವುದು ಇಂಥ ಸೆನ್ಸರ್ ಇಲ್ಲದ ಹಳೇ ಕಾರ್ಬ್ಯುರೇಟರ್ ಗಾಡಿಗಳ ಕಾಲದ ಮಾತು, ಈಗಲೂ ಓಡುತ್ತಿದೆ, ಅಷ್ಟೇ.

ಫಿಲ್ಟರ್‌ಗೆ ಗಾಳಿ ಹೊಡೆಸಿ ಧೂಳು ತೆಗೆಸುವುದನ್ನು ನಾನು ಬಿಟ್ಟಿದ್ದೇನೆ. ಒಮ್ಮೆ ಪಂಕ್ಚರ್ ಅಂಗಡಿಯ ಹುಡುಗ ಕಂಪ್ರೆಸರ್ ಪೈಪನ್ನು ಕೊಳೆ ಇರುವ ಬದಿಗೇ ಹತ್ತಿರ ಹಿಡಿದು ಬಿಟ್ಟ. ಧೂಳು ಇನ್ನೂ ಒಳಗೆ ಹೋಯಿತು, ಒಂದು ಮಡಿಕೆಯೂ ಸೀಳಿತು. ಹೊಡೆಯಲೇಬೇಕಿದ್ದರೆ ಸ್ವಚ್ಛ ಬದಿಯಿಂದ, ದೂರ ಹಿಡಿದು, ಮೆಲ್ಲಗೆ. ಹಾಗೆಯೇ ವಾರಕ್ಕೊಮ್ಮೆ ಬಿಚ್ಚಿ ನೋಡುವ ಚಟವೂ ಬೇಡ. ತೆಳ್ಳಗೆ ಧೂಳು ಕೂತ ಕಾಗದ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ನಾನು 5,000ಕ್ಕೊಮ್ಮೆ ನೋಡಿ, 15,000ದ ಹೊತ್ತಿಗೆ ಬದಲಾಯಿಸುತ್ತೇನೆ. ಬೆಂಗಳೂರಲ್ಲಿ ಡಾಂಬರಿನ ಮೇಲೆ ಓಡಾಡುವವರಿಗೆ ಇಷ್ಟು ಬೇಗ ಬೇಕಿಲ್ಲ.

57,000ಕ್ಕೆ ಬದಲಾಯಿಸಿದ್ದು ಮಾತ್ರ ಧೂಳಿನಿಂದಲ್ಲ. ಮಳೆಗಾಲದಲ್ಲಿ ಹತ್ತು ದಿನ ಗಾಡಿ ನಿಂತಿತ್ತು. ಡಬ್ಬಿ ತೆಗೆದರೆ ಒಳಗೆ ಶೇಂಗಾ ಸಿಪ್ಪೆ, ಹರಿದ ಕಾಗದ, ಬಟ್ಟೆ ಚೂರು. ಇಲಿ ಸಂಸಾರ ಹೂಡಿತ್ತು. ಫಿಲ್ಟರ್‌ನ ಕಾಲು ಭಾಗವನ್ನೇ ಕಡಿದು ಹಾಸಿಗೆ ಮಾಡಿಕೊಂಡಿತ್ತು. ಇದಕ್ಕೆ ಒರಿಜಿನಲ್ ಆದರೇನು, ಡೂಪ್ಲಿಕೇಟ್ ಆದರೇನು?

ಹೋದ ಭಾನುವಾರ ಆರನೆಯದನ್ನು ನೋಡಿದೆ. ಹಾಕಿ 6,000 ಕಿ.ಮೀ. ಆಗಿದೆ. ಕಾಗದ ಕೆಂಪಗೆ, ಬೆರಳು ಸ್ವಚ್ಛ. ಏಳನೆಯದನ್ನು ಈಗಲೇ ತಂದು ಡಿಕ್ಕಿಯಲ್ಲಿ ಇಟ್ಟಿದ್ದೇನೆ, ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯೊಳಗೆ.