ಬೆಲೆ, ಬೆಳೆ, ಬೇಳೆ: ಫೋನಿನಲ್ಲಿ ಕನ್ನಡ ಬರೆಯುವ ನಾಲ್ಕು ದಾರಿಗಳನ್ನು ಬಳಸಿ ನೋಡಿದೆ

ನಾನು ದಿನಾ ಬೆಳಿಗ್ಗೆ ನಮ್ಮೂರಿನ ರೈತರ ವಾಟ್ಸಾಪ್ ಗ್ರೂಪಿಗೆ ತೊಗರಿ ರೇಟು ಹಾಕುತ್ತೇನೆ. ನಮ್ಮದು ಕಲಬುರಗಿ ಕಡೆ, ಎಲ್ಲರ ಹೊಲದಲ್ಲೂ ತೊಗರಿಯೇ. ಹೋದ ಸುಗ್ಗಿಯಲ್ಲಿ ಒಂದು ದಿನ ‘ಇಂದಿನ ತೊಗರಿ ಬೆಲೆ’ ಎಂದು ಬರೆಯಲು ಹೋಗಿ ‘ಇಂದಿನ ತೊಗರಿ ಬೇಳೆ’ ಎಂದು ಕಳಿಸಿಬಿಟ್ಟೆ. ಕಾಳಿಗೂ ಬೇಳೆಗೂ ಕ್ವಿಂಟಲಿಗೆ ಸಾವಿರಗಟ್ಟಲೆ ವ್ಯತ್ಯಾಸ ಇರುತ್ತದೆ. ಹತ್ತು ನಿಮಿಷದಲ್ಲಿ ಪಕ್ಕದ ಓಣಿಯ ಕಾಕಾ ಫೋನ್ ಮಾಡಿದರು. "ತಮ್ಮಾ, ನೀ ಹಾಕಿದ್ದು ಕಾಳಿನ ರೇಟೋ, ಬ್ಯಾಳಿ ರೇಟೋ?" ಬೇಳೆಗೇ ಇಷ್ಟು ಅಂದರೆ ಕಾಳಿಗೆ ಇನ್ನೆಷ್ಟು ಇಳಿದಿರಬೇಕು ಎಂದು ಅವರು ಟ್ರ್ಯಾಕ್ಟರಿಗೆ ಚೀಲ ಹೇರುವುದನ್ನೇ ನಿಲ್ಲಿಸಿದ್ದರು.

ಅವತ್ತು ನನಗೆ ನಿಜಕ್ಕೂ ಬೇಜಾರಾಯಿತು. ಕನ್ನಡ ನನಗೆ ಚೆನ್ನಾಗಿ ಬರುತ್ತದೆ. ಪೆನ್ನು ಹಿಡಿದು ಬರೆದಿದ್ದರೆ ಬೆಲೆ ಎನ್ನುವಲ್ಲಿ ಬೇಳೆ ಬರೆಯುತ್ತಲೇ ಇರಲಿಲ್ಲ. ಹಾಗಾದರೆ ಫೋನಿನಲ್ಲಿ ಮಾತ್ರ ಯಾಕೆ ಹೀಗೆ? ಅದಕ್ಕೇ ಕೂತು ನಾಲ್ಕು ದಾರಿಗಳನ್ನೂ ಒಂದೊಂದಾಗಿ ಬಳಸಿ ನೋಡಿದೆ, ಒಂದೊಂದಕ್ಕೂ ಎರಡು ಮೂರು ವಾರ ಕೊಟ್ಟೆ. ಪರೀಕ್ಷೆಗೆ ಒಂದೇ ಸಾಲು ಇಟ್ಟುಕೊಂಡೆ: ‘ಈ ಸಲ ಬೆಳೆ ಚೆನ್ನಾಗಿದೆ, ಕಾಳಿನ ಬೆಲೆ ಇಳಿದಿದೆ, ಬೇಳೆ ಬೆಲೆ ಇಳಿದಿಲ್ಲ.’

ಮೊದಲನೆಯದು ಬಹಳಷ್ಟು ಜನ ಬಳಸುವ ದಾರಿ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವುದು. ಕಲಿಯಲು ಏನೂ ಇಲ್ಲ, ಫೋನ್ ಕೊಂಡ ದಿನವೇ ಶುರು ಮಾಡಬಹುದು. ವೇಗವೂ ಇದೆ, ಅದನ್ನು ಒಪ್ಪಲೇಬೇಕು. ಆದರೆ ನನ್ನ ಮೂರೂ ಪದಗಳಿಗೆ ಒತ್ತಬೇಕಾದದ್ದು ಬಿ, ಇ, ಎಲ್, ಇ ಎಂಬ ಅವೇ ನಾಲ್ಕು ಅಕ್ಷರ. ಮೇಲೆ ಒಂದು ಪಟ್ಟಿ ಬರುತ್ತದೆ, ಬೆಲೆ, ಬೇಳೆ, ಬೆಳೆ ಅಂತ. ಅದರಲ್ಲಿ ನಮಗೆ ಬೇಕಾದ್ದನ್ನು ಮುಟ್ಟಬೇಕು. ಅಂದರೆ ಇಲ್ಲಿ ನಾವು ಪದವನ್ನು ಬರೆಯುತ್ತಿಲ್ಲ, ಫೋನ್ ಬರೆದ ಪದಗಳಲ್ಲಿ ಒಂದನ್ನು ಆರಿಸುತ್ತಿದ್ದೇವೆ, ಮತ್ತು ಅವಸರದಲ್ಲಿ ಬೆರಳು ಅರ್ಧ ಇಂಚು ಆಚೆ ಬಿದ್ದರೆ ಅಲ್ಲಿಗೆ ಮುಗಿಯಿತು. ತಪ್ಪು ಪದವೂ ಸರಿಯಾದ ಕನ್ನಡ ಪದವೇ ಆಗಿರುವುದರಿಂದ ಕಣ್ಣಿಗೆ ಬೀಳುವುದೂ ಇಲ್ಲ. ಇಂಗ್ಲಿಷಿನಲ್ಲಿ ಲ ಮತ್ತು ಳ ಎರಡಕ್ಕೂ ಒಂದೇ ಅಕ್ಷರ, ನ ಮತ್ತು ಣ ಎರಡಕ್ಕೂ ಒಂದೇ, ಹ್ರಸ್ವ ದೀರ್ಘ ತೋರಿಸಲು ನೇರವಾದ ದಾರಿ ಇಲ್ಲ. ನಮ್ಮ ಭಾಷೆಯಲ್ಲಿ ಅರ್ಥ ನಿಂತಿರುವುದೇ ಇವುಗಳ ಮೇಲೆ, ಅಲ್ವಾ?

ಇನ್ನೂ ಒಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಐದನೇ ಕ್ಲಾಸಿನಲ್ಲಿ ಓದುವ ನನ್ನ ಮಗಳು ಫೋನಿನಲ್ಲಿ ಹೀಗೇ ಬರೆಯುವುದನ್ನು ಕಲಿತಿದ್ದಾಳೆ. ಅಜ್ಜಿಗೆ ‘ನಾಳೆ ಹಲ್ಲಿಗೆ ಬರ್ತೀವಿ’ ಎಂದು ಕಳಿಸಿದ್ದಳು. ಹಳ್ಳಿ ಅಂತ ಬರೆಯಬೇಕಿತ್ತು ಎಂದು ತೋರಿಸಿದರೆ, "ಫಸ್ಟ್ ಬಂದಿದ್ದು ಇದೇ ಅಪ್ಪಾ" ಎಂದಳು. ನೋಟ್‌ಬುಕ್ಕಿನಲ್ಲಿ ಅದೇ ಪದವನ್ನು ಸರಿಯಾಗಿ ಬರೆಯುತ್ತಾಳೆ.

ಎರಡನೆಯದು ಮಾತಾಡಿ ಬರೆಸುವುದು. ಆ್ಯಂಡ್ರಾಯ್ಡ್ ಫೋನುಗಳಿಗೆ ಕನ್ನಡದ ಧ್ವನಿ ಟೈಪಿಂಗ್ 2017ರಲ್ಲಿ ಬಂತು, ಆಮೇಲೆ ತುಂಬಾ ಸುಧಾರಿಸಿದೆ. ಉದ್ದದ ಸುದ್ದಿಗೆ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ. ಮನೆಯೊಳಗೆ ಕೂತು, ಪುಸ್ತಕದ ಕನ್ನಡದಲ್ಲಿ, ಸಮಾಧಾನವಾಗಿ ಹೇಳಿದರೆ ನನ್ನ ಪರೀಕ್ಷೆಯ ಸಾಲು ಮೊದಲ ಸಲವೇ ಪೂರ್ತಿ ಸರಿ ಬಂತು, ಬೆಳೆ ಬೆಲೆ ಬೇಳೆ ಮೂರೂ ತಮ್ಮ ತಮ್ಮ ಜಾಗದಲ್ಲಿ. ಬಾಯಿ ಳ ಮತ್ತು ಲ ಬೇರೆ ಮಾಡಿದ್ದನ್ನು ಅದು ಕೇಳಿಸಿಕೊಂಡಿತು. ಇದು ನನಗೆ ಖುಷಿ ಕೊಟ್ಟಿತು.

ಆದರೆ ಮನೆಯಲ್ಲಿ ನಾವು ಹಾಗೆ ಮಾತಾಡುವುದಿಲ್ಲ. ನಮ್ಮ ಬಾಯಲ್ಲಿ ಬೇಳೆ ‘ಬ್ಯಾಳಿ’, ಬೆಳೆ ‘ಬೆಳಿ’, ‘ಹೋಗುತ್ತಿದ್ದೇನೆ’ ಎನ್ನುವುದು ‘ಹೊಂಟೀನಿ’. ಅವ್ವ ಫೋನ್ ಹಿಡಿದು ತನ್ನ ಮಾತಿನಲ್ಲಿ ಹೇಳಿದಾಗ ಸಾಲಿನಲ್ಲಿ ಅರ್ಧ ಪದ ಬೇರೆಯೇ ಆಗಿ ಬಂದವು. ಅವಳು ಎರಡನೇ ಸಲ ಜೋರಾಗಿ ಹೇಳಿದಳು, ಮೂರನೇ ಸಲಕ್ಕೆ ಫೋನ್ ನನ್ನ ಕೈಗೆ ಕೊಟ್ಟಳು. ಫೋನಿಗೋಸ್ಕರ ಅವ್ವ ತನ್ನ ಮಾತು ಬದಲಿಸಿಕೊಳ್ಳಬೇಕು ಎಂದು ನಾನಂತೂ ಹೇಳುವುದಿಲ್ಲ. ಹೊಲದಲ್ಲಿ ಗಾಳಿ, ಟ್ರ್ಯಾಕ್ಟರಿನ ಸದ್ದು, ಕಮ್ಮಿ ನೆಟ್‌ವರ್ಕ್ ಇದ್ದರಂತೂ ಇದು ಕೈಕೊಡುತ್ತದೆ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ನಾನೇ ಆಮೇಲೆ ಹಾಕಬೇಕಾಯಿತು.

ಮೂರನೆಯದು ಕೈಬರಹ. ಪರದೆಯ ಮೇಲೆ ಬೆರಳಿನಲ್ಲಿ ಬರೆದರೆ ಅಕ್ಷರವಾಗುತ್ತದೆ. ಇದನ್ನು ನಾನು ಸುಮ್ನೆ ಒಂದು ಸಲ ನೋಡೋಣ ಎಂದು ಶುರು ಮಾಡಿದ್ದು, ಅವ್ವನಿಗೆ ಅದೇ ಹಿಡಿಸಿತು. ಅವಳು ನಾಲ್ಕನೇ ಇಯತ್ತೆವರೆಗೆ ಓದಿದವಳು, ಇಂಗ್ಲಿಷ್ ಅಕ್ಷರ ಬಾರದು, ಆದರೆ ಕನ್ನಡ ಅಕ್ಷರ ದುಂಡಗೆ ಬರೆಯುತ್ತಾಳೆ. ಮೊದಲ ದಿನ ತೋರುಬೆರಳಿನಿಂದ ನಿಧಾನಕ್ಕೆ ಬ ಬರೆದಳು, ಎತ್ವ ಎಳೆದಳು, ದೀರ್ಘ ಹಾಕಿದಳು, ಪಕ್ಕದಲ್ಲಿ ಳೆ ಬರೆದಳು. ಮೇಲೆ ‘ಬೇಳೆ’ ಎಂದು ಬಂತು. ಅವಳು ನನ್ನ ಮುಖ ನೋಡಿದಳು. ಆಮೇಲೆ ತಾನೇ ಅಳಿಸಿ, ‘ಬ್ಯಾಳಿ’ ಎಂದು ಬರೆದಳು. ಅದೂ ಬಂತು!

ನನಗೆ ಮಾತ್ರ ಇದು ನಿಧಾನ. ನನ್ನ ಪರೀಕ್ಷೆಯ ಸಾಲಿಗೆ ಬೇರೆ ದಾರಿಗಳಿಗಿಂತ ಎರಡರಷ್ಟು ಹೊತ್ತು ಹಿಡಿಯಿತು. ಸಣ್ಣ ಪರದೆಯಲ್ಲಿ ಒತ್ತಕ್ಷರ ಇಕ್ಕಟ್ಟಾಗುತ್ತದೆ, ‘ಕ್ವಿಂಟಲ್’ ಬರೆಯುವಾಗ ಕ ಅಕ್ಷರದ ಕೆಳಗೆ ವ ಒತ್ತು ಕೊಡಲು ಜಾಗವೇ ಸಾಲದು. ಆದರೂ ವಯಸ್ಸಾದವರಿಗೆ ಮೊದಲು ತೋರಿಸಬೇಕಾದದ್ದು ಇದನ್ನೇ ಎಂದು ನನ್ನ ಗಟ್ಟಿ ಅಭಿಪ್ರಾಯ. ಅವರಿಗೆ ಗೊತ್ತಿರುವ ವಿದ್ಯೆಯಿಂದಲೇ ಶುರುವಾಗುತ್ತದೆ, ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ.

ನಾಲ್ಕನೆಯದು ಕಗಪ ಕೀಲಿಮಣೆ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತಿರುವ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕರೆಯುವ ಕೀಲಿಮಣೆ ಇದು, ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ‘ನುಡಿ’ ತಂತ್ರಾಂಶ ಬಳಸಿದವರಿಗೆಲ್ಲ ಗೊತ್ತು. ಫೋನಿಗೂ ಈ ವಿನ್ಯಾಸದ ಆ್ಯಪುಗಳು ಸಿಗುತ್ತವೆ. ಇಲ್ಲಿ ಪಟ್ಟಿಯ ಆಟ ಇಲ್ಲ. ಎಲ್ ಒತ್ತಿದರೆ ಲ, ಶಿಫ್ಟ್ ಜೊತೆ ಎಲ್ ಒತ್ತಿದರೆ ಳ. ಇಂಗ್ಲಿಷಿನ ಇ ಒತ್ತಿದರೆ ಹ್ರಸ್ವ ಎ, ಶಿಫ್ಟ್ ಜೊತೆ ಒತ್ತಿದರೆ ದೀರ್ಘ ಏ. ಶಿಫ್ಟ್ ಬಿಟ್ಟರೆ ಬೆಲೆ, ಬೆಳೆ, ಬೇಳೆ ಮೂರಕ್ಕೂ ನಾಲ್ಕು ನಾಲ್ಕೇ ಕೀಲಿ, ಆದರೆ ಮೂರೂ ಬೇರೆ ಬೇರೆ. ಬೆರಳು ಒತ್ತಿದ್ದೇ ಅಕ್ಷರ.

ಮೊದಲ ವಾರ ಕಷ್ಟ, ಸುಳ್ಳು ಹೇಳುವುದಿಲ್ಲ. ಟ ಇರುವುದು ಕ್ಯೂ ಕೀಲಿಯಲ್ಲಿ, ಡ ಇರುವುದು ಡಬ್ಲ್ಯೂ ಕೀಲಿಯಲ್ಲಿ, ಷ ಬೇಕಾದರೆ ಎಕ್ಸ್. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. ‘ಕ್ವಿಂಟಲ್’ ಅಂದರೆ ಕ, ಎಫ್, ವ, ಇಕಾರ, ಸೊನ್ನೆ, ಟ, ಲ, ಕೊನೆಗೆ ಮತ್ತೆ ಎಫ್. ಮೊದಲ ಮೂರು ದಿನ ರೇಟು ಹಾಕಲು ಮೊದಲಿನ ಎರಡರಷ್ಟು ಹೊತ್ತು ಹಿಡಿಯಿತು. ಹತ್ತನೇ ದಿನಕ್ಕೆ ಬೆರಳು ತಾನಾಗಿ ಎಫ್ ಹುಡುಕಿಕೊಂಡಿತು. ಮೂರನೇ ವಾರಕ್ಕೆ ನನ್ನ ಹಳೇ ವೇಗ ಬಂತು, ತಿದ್ದುವುದು ಕಮ್ಮಿಯಾದ್ದರಿಂದ ಒಟ್ಟು ಹೊತ್ತು ಇನ್ನೂ ಕಮ್ಮಿ. ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಇದೇ ವಿನ್ಯಾಸ ಮೊದಲೇ ಇರುವುದರಿಂದ ಒಮ್ಮೆ ಕಲಿತರೆ ಎರಡೂ ಕಡೆ ನಡೆಯುತ್ತದೆ.

ಇನ್‌ಸ್ಕ್ರಿಪ್ಟ್ ಎನ್ನುವ ಕೀಲಿಮಣೆಯೂ ಒಂದಿದೆ, ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ, ಹಿಂದಿ ತೆಲುಗಿಗೂ ಅದೇ ಜಾಗಗಳು. ಎರಡು ಮೂರು ಭಾಷೆ ಬರೆಯುವವರಿಗೆ ಅದು ಒಳ್ಳೆಯದು. ನನಗೆ ಕನ್ನಡ ಒಂದೇ ಸಾಕಾದ್ದರಿಂದ ನಾಲ್ಕು ದಿನಕ್ಕೆ ಬಿಟ್ಟೆ.

ಹೊಸ ಕೀಲಿಮಣೆ ಹಾಕಿಕೊಳ್ಳುವಾಗ ಒಂದು ಎಚ್ಚರ ಬೇಕು. ನೀವು ಒತ್ತುವ ಎಲ್ಲವನ್ನೂ, ಪಾಸ್‌ವರ್ಡನ್ನೂ ಸೇರಿಸಿ, ಇದು ನೋಡಬಹುದು ಎಂದು ಆ್ಯಂಡ್ರಾಯ್ಡ್ ಮೊದಲೇ ಹೇಳುತ್ತದೆ. ಅದನ್ನು ಓದದೆ ಸರಿ ಒತ್ತಬೇಡಿ. ಯಾರು ಮಾಡಿದ ಆ್ಯಪ್, ಏನೇನು ಅನುಮತಿ ಕೇಳುತ್ತದೆ ಎಂದು ನೋಡಿ ಹಾಕಿಕೊಳ್ಳಿ. ಬ್ಯಾಂಕಿನ ಆ್ಯಪ್ ತೆಗೆದಾಗ ನಾನು ಫೋನಿನ ಹಳೇ ಕೀಲಿಮಣೆಗೇ ಹೋಗುತ್ತೇನೆ, ಒಂದು ಸಲ ಒತ್ತಿದರೆ ಬದಲಾಗುತ್ತದೆ.

ಈಗ ನಮ್ಮ ಮನೆಯಲ್ಲಿ ನಡೆಯುವುದು ಹೀಗೆ. ಅವ್ವನಿಗೆ ಕೈಬರಹ. ಹೊಲದಿಂದ ಬರುವಾಗ ಅವಸರದ ಸುದ್ದಿಯಿದ್ದರೆ ನಾನು ಬಾಯಲ್ಲೇ ಹೇಳಿ, ಒಂದು ಸಲ ಓದಿ ಕಳಿಸುತ್ತೇನೆ. ಇಂಗ್ಲಿಷ್ ಅಕ್ಷರದ ದಾರಿಯನ್ನು ನನ್ನ ಫೋನಿನಿಂದ ತೆಗೆದೇಬಿಟ್ಟೆ, ಮಗಳ ಫೋನಿನಲ್ಲಿ ಕಗಪ ಹಾಕಿಕೊಟ್ಟೆ. ಅವಳು ನನಗಿಂತ ಬೇಗ ಕಲಿತಳು, ಐದು ದಿನ ಸಾಕಾಯಿತು. ಬೆಳಗಿನ ರೇಟು ಕಗಪದಲ್ಲೇ ಬರೆಯುತ್ತೇನೆ, ಮತ್ತು ಆ ಕಾಕಾ ಹೇಳಿದಂತೆ ಈಗ ಎರಡು ಸಾಲು ಹಾಕುತ್ತೇನೆ: ಮೇಲೆ ‘ತೊಗರಿ ಕಾಳು’, ಕೆಳಗೆ ‘ತೊಗರಿ ಬೇಳೆ’.