ಮಲ್ಟಿಪ್ಲೈಯರ್‌ಗೆ ಆರ್ಕಿಟೆಕ್ಚರ್ ಹೇರಿದ್ದೀರಾ? ಆ ಸಾಲು ಇನ್ನೂ ಬದುಕಿದೆಯೇ ನೋಡಿ

ಚಿಪ್‌ನ ಕೋಡನ್ನು ಗೇಟ್‌ಗಳ ಸರ್ಕ್ಯೂಟ್ ಆಗಿ ಬದಲಿಸುವ ಸಿಂಥೆಸಿಸ್ ಟೂಲ್‌ನ ಸ್ಕ್ರಿಪ್ಟ್‌ನಲ್ಲಿ ‘ಈ ಮಲ್ಟಿಪ್ಲೈಯರ್ (ಗುಣಿಸುವ ಸರ್ಕ್ಯೂಟ್) ಬೂತ್ ಎಂಬ ವೇಗದ ರಚನೆಯಲ್ಲೇ ಬರಲಿ’ ಎಂದು ಒಂದು ಸಾಲು ಬರೆದು ಮರೆತುಬಿಡುವುದು ತುಂಬಾ ಅಪಾಯ. 32 ಬಿಟ್‌ನ ಒಂದು ಗುಣಿಸಿ-ಕೂಡಿಸುವ ಬ್ಲಾಕ್‌ನಲ್ಲಿ ಆ ಸಾಲು ಸದ್ದಿಲ್ಲದೆ ಸತ್ತಿತ್ತು. ಗೊತ್ತಾದದ್ದು ಗೇಟ್‌ಗಳನ್ನು ಚಿಪ್ ಮೇಲೆ ಜೋಡಿಸುವ ಪ್ಲೇಸ್‌ಮೆಂಟ್ ಆದಮೇಲೆ, ಸೆಟಪ್ ಟೈಮಿಂಗ್ ಕುಸಿದಾಗ, ಅಂದರೆ ಸಿಗ್ನಲ್ ಕ್ಲಾಕ್‌ನ ಗಡುವಿಗೆ ತಲುಪದಾದಾಗ.

ಆದದ್ದು ಇಷ್ಟೇ. ಕೋಡ್‌ನ 112ನೇ ಸಾಲಿನಲ್ಲಿದ್ದ ಗುಣಾಕಾರಕ್ಕೆ ಟೂಲ್ ತಾನಾಗಿ ‘ಮಲ್ಟ್_112’ ಎಂದು ಹೆಸರಿಟ್ಟಿತ್ತು. ಸ್ಕ್ರಿಪ್ಟ್ ಆ ಹೆಸರನ್ನೇ ನಂಬಿಕೊಂಡಿತ್ತು. ಮೇಲೆ ನಾಲ್ಕು ಸಾಲು ಕಾಮೆಂಟ್ ಸೇರಿದ ಕೂಡಲೇ ಅದು ‘ಮಲ್ಟ್_116’ ಆಯಿತು. ಹಳೆಯ ಹೆಸರು ಸಿಗಲಿಲ್ಲ ಎಂದು ಲಾಗ್‌ನಲ್ಲಿ ಒಂದೇ ಒಂದು ವಾರ್ನಿಂಗ್ ಬಿತ್ತು, ರನ್ ಮುಂದುವರಿಯಿತು. ಸಾವಿರಾರು ವಾರ್ನಿಂಗ್‌ಗಳ ನಡುವೆ ಅದನ್ನು ಯಾರು ನೋಡುತ್ತಾರೆ?

ಆದರೆ ಟೂಲ್ ತಾನೇ ವೇಗದ ರಚನೆಯನ್ನು ಆರಿಸಬೇಕಿತ್ತಲ್ಲವೇ? ಆರಿಸಲಿಲ್ಲ, ಏಕೆಂದರೆ ಆ ಬ್ಲಾಕ್‌ಗೆ ಇನ್‌ಪುಟ್ ಡಿಲೇ (ಸಿಗ್ನಲ್ ಒಳಗೆ ಬರುವುದು ಎಷ್ಟು ತಡ ಎಂಬ ಸೂಚನೆ) ಕೊಟ್ಟೇ ಇರಲಿಲ್ಲ. ದಾರಿ ಸಡಿಲವಾಗಿ ಕಂಡಿತು, ಏರಿಯಾ ಉಳಿಸುವ ಅರೇ ರಚನೆ ಬಂತು. ಬಲವಂತದ ಸಾಲು ಇದ್ದಷ್ಟು ಕಾಲ ಈ ಕೊರತೆ ಮುಚ್ಚಿಹೋಗಿತ್ತು. ನನ್ನ ಮಟ್ಟಿಗೆ ನಿಜವಾದ ದೋಷ ಇದೇ: ಆರ್ಕಿಟೆಕ್ಚರ್ ಹೇರಿಕೆ ಕನ್‌ಸ್ಟ್ರೇಂಟ್‌ನ (ಟೂಲ್‌ಗೆ ಕೊಡುವ ಟೈಮಿಂಗ್ ಷರತ್ತುಗಳ) ತೂತಿಗೆ ಹಚ್ಚಿದ ತೇಪೆಯಾಗಿತ್ತು.

ವ್ಯತ್ಯಾಸ ಸಣ್ಣದಲ್ಲ. 32×32 ಗುಣಾಕಾರದಲ್ಲಿ 32 ಸಾಲು ಪಾರ್ಷಿಯಲ್ ಪ್ರಾಡಕ್ಟ್‌ಗಳು (ಕೊನೆಗೆ ಕೂಡಿಸಬೇಕಾದ ಮಧ್ಯದ ಗುಣಲಬ್ಧಗಳು) ಹುಟ್ಟುತ್ತವೆ. ಅರೇ ಅವನ್ನು ಒಂದರ ಕೆಳಗೊಂದು ಕೂಡಿಸುತ್ತ ಸುಮಾರು 30 ಹಂತ ಇಳಿಯುತ್ತದೆ. ಹಲವು ಸಾಲುಗಳನ್ನು ಒಟ್ಟೊಟ್ಟಿಗೆ ಕೂಡಿಸುವ ಡಡ್ಡಾ ಟ್ರೀಯಲ್ಲಿ ಉಳಿಯುವ ಸಾಲುಗಳು 28, 19, 13, 9, 6, 4, 3, 2 ಎಂದು 8 ಹಂತ ಸಾಕು. ಎರಡೆರಡು ಬಿಟ್‌ಗೆ ಒಂದು ಸಾಲು ಮಾಡುವ ರೇಡಿಕ್ಸ್-4 ಬೂತ್ ಸಾಲುಗಳನ್ನು 16ಕ್ಕೆ ಇಳಿಸಿದರೆ 6 ಹಂತ.

ಎರಡನೇ ಪೆಟ್ಟು ಬಿದ್ದದ್ದು ರಿಪೇರಿಯ ಹೆಸರಿನಲ್ಲಿ. ‘ಎ*ಬಿ+ಸಿ’ ಎಂಬ ಎಕ್ಸ್‌ಪ್ರೆಶನ್ ತೆಗೆದು ಲೈಬ್ರರಿಯ ಮಲ್ಟಿಪ್ಲೈಯರ್ ಅನ್ನು ನೇರವಾಗಿ ಇನ್‌ಸ್ಟ್ಯಾನ್ಶಿಯೇಟ್ ಮಾಡಿ (ಸಿದ್ಧ ಬ್ಲಾಕ್ ಆಗಿ ಕೋಡ್‌ನಲ್ಲಿ ಇಟ್ಟು), ಅದರ ಮುಂದೆ ಬೇರೆ ಆಡರ್ (ಕೂಡಿಸುವ ಸರ್ಕ್ಯೂಟ್) ಇಡಲಾಯಿತು. ಮಲ್ಟಿಪ್ಲೈಯರ್ ಒಳಗೆ ಒಮ್ಮೆ ಪೂರ್ತಿ ಕ್ಯಾರಿ (ಮುಂದಿನ ಬಿಟ್‌ಗೆ ಒಯ್ಯುವ ಅಂಕೆ) ಹರಿದು ಮುಗಿಯಬೇಕು, ಆಮೇಲೆ ಹೊರಗಿನ ಆಡರ್‌ನಲ್ಲಿ ಇನ್ನೊಮ್ಮೆ. ಎಕ್ಸ್‌ಪ್ರೆಶನ್ ಹಾಗೇ ಬಿಟ್ಟಿದ್ದರೆ ಟೂಲ್ ಇಡೀ ಲೆಕ್ಕವನ್ನು ಒಂದೇ ಡೇಟಾಪಾತ್ ಬ್ಲಾಕ್ ಆಗಿ ಬೆಸೆದು, ‘ಸಿ’ಯನ್ನು ಟ್ರೀಯೊಳಗೆ ಮತ್ತೊಂದು ಸಾಲಾಗಿ ಸೇರಿಸುತ್ತಿತ್ತು. ಬೂತ್‌ನ 16 ಸಾಲಿಗೆ ‘ಸಿ’ಯೂ ಋಣ ಸಾಲುಗಳಿಗೆ ಬೇಕಾದ ತಿದ್ದುಪಡಿ ಬಿಟ್‌ಗಳ ಸಾಲೂ ಸೇರಿದರೆ 18, 19ರವರೆಗೆ ಅದೇ 6 ಹಂತ. ಅಂದರೆ ಆ ಕೂಡಿಕೆಗೆ ಒಂದು ಹಂತವೂ ಹೆಚ್ಚಾಗುತ್ತಿರಲಿಲ್ಲ! ಹೀಗೆ ಬೆಸೆದ ಬ್ಲಾಕ್‌ನಲ್ಲಿ ‘ಮಲ್ಟ್’ ಎಂಬ ಪ್ರತ್ಯೇಕ ಸೆಲ್ಲೇ ಉಳಿಯುವುದಿಲ್ಲ ಎಂಬುದೂ ನೆನಪಿರಲಿ. ಅದರ ಮೇಲೆ ಹೇರಿದ ಆಯ್ಕೆ ಅಂಟಿಕೊಳ್ಳಲು ಜಾಗವೇ ಇರದು.

ಇನ್‌ಸ್ಟ್ಯಾನ್ಶಿಯೇಟ್ ಮಾಡಲೇಬೇಕಾದರೆ ಸೈನ್ ಆಯ್ಕೆಯ ಪಿನ್ ನೋಡಿ. ಸಿನಾಪ್ಸಿಸ್‌ನ ಸಿದ್ಧ ಬ್ಲಾಕ್‌ಗಳ ಲೈಬ್ರರಿಯಾದ ಡಿಸೈನ್‌ವೇರ್‌ನ ಡಿಡಬ್ಲ್ಯೂ02_ಮಲ್ಟ್‌ನಲ್ಲಿ ಟಿಸಿ ಪಿನ್ 1 ಇದ್ದರೆ ಸೈನ್ಡ್ (ಋಣಸಂಖ್ಯೆಗಳೂ ಸೇರಿ), 0 ಇದ್ದರೆ ಅನ್‌ಸೈನ್ಡ್. ಧನಸಂಖ್ಯೆಗಳಷ್ಟೇ ಇರುವ ಟೆಸ್ಟ್‌ನಲ್ಲಿ ಈ ಪಿನ್ ತಪ್ಪಾಗಿರುವುದು ಸಿಗದೇ ಹೋಗಬಹುದು.

ಹೆಸರಿನ ತಾಪತ್ರಯ ಬೇಡವೆಂದು ‘ಮಲ್ಟ್_*’ (ಮಲ್ಟ್_ ಎಂದು ಶುರುವಾಗುವ ಎಲ್ಲವೂ) ಎಂದು ಬರೆಯುವವರಿದ್ದಾರೆ. ದಯವಿಟ್ಟು ಬೇಡ. ಆ ಬಲೆಗೆ ವಿಳಾಸ ಲೆಕ್ಕ ಹಾಕುವ ಚಿಕ್ಕ ಗುಣಾಕಾರಗಳೂ ಬೀಳುತ್ತವೆ; 8 ಬಿಟ್‌ನಂಥ ಕಡೆ ಬೂತ್ ಎನ್‌ಕೋಡರ್‌ನ ಖರ್ಚೇ ಲಾಭವನ್ನು ತಿಂದುಹಾಕಬಹುದು. ಮೂರು ಮೂರು ಬಿಟ್‌ಗೆ ಒಂದು ಸಾಲು ಮಾಡುವ ರೇಡಿಕ್ಸ್-8 ಇನ್ನೂ ದುಬಾರಿ, ಅಲ್ಲಿ 3ಎ (‘ಎ’ಯ ಮೂರು ಪಟ್ಟು) ಲೆಕ್ಕಕ್ಕೆ ಮೊದಲೇ ಒಂದು ಪೂರ್ಣ ಆಡರ್ ಬೇಕು.

ಈಗ ಮಾಡಬೇಕಾದ್ದು: ಮೊದಲು ಕ್ಲಾಕ್, ಇನ್‌ಪುಟ್ ಮತ್ತು ಔಟ್‌ಪುಟ್ ಡಿಲೇ ಸರಿಪಡಿಸಿ, ಯಾವ ಹೇರಿಕೆಯೂ ಇಲ್ಲದೆ ಒಮ್ಮೆ ರನ್ ಮಾಡಿ. ರಿಸೋರ್ಸ್ ರಿಪೋರ್ಟ್ ತೆರೆದು ಯಾವ ಆಪರೇಟರ್‌ಗೆ ಯಾವ ರಚನೆ ಬಂದಿದೆ, ಯಾವುದು ಯಾವುದರೊಡನೆ ಬೆಸೆದಿದೆ ಎಂದು ಓದಿ. ಇಷ್ಟಾದ ಮೇಲೂ ಹೇರಲೇಬೇಕಾದರೆ ಗುಣಾಕಾರವನ್ನು, ಕೂಡಿಕೆಯೂ ಇದ್ದರೆ ಅದರೊಂದಿಗೇ, ಸ್ಥಿರ ಹೆಸರಿನ ಒಂದು ಚಿಕ್ಕ ಮಾಡ್ಯೂಲ್‌ಗೆ ಹಾಕಿ. ಆಯ್ಕೆಯನ್ನು ಆ ಮಾಡ್ಯೂಲ್‌ನೊಳಗೇ ಕೊಡಿ. ಹುಡುಕಿದ ಸೆಲ್ ಸಿಗದಿದ್ದರೆ ಸ್ಕ್ರಿಪ್ಟ್ ಅಲ್ಲೇ ಎರರ್ ಕೊಟ್ಟು ನಿಲ್ಲುವಂತೆ ಮಾಡಿ.

ಕೋಡ್ ಮತ್ತು ಸರ್ಕ್ಯೂಟ್ ಒಂದೇ ಎಂದು ಗಣಿತದಿಂದ ಸಾಬೀತುಪಡಿಸುವ ಫಾರ್ಮಲ್ ವೆರಿಫಿಕೇಶನ್‌ಗೆ ಸಿಂಥೆಸಿಸ್ ಬರೆದ ಗೈಡೆನ್ಸ್ ಫೈಲ್ (ಅದು ಮಾಡಿದ ಬದಲಾವಣೆಗಳ ದಾಖಲೆ) ಅದೇ ರನ್‌ನದ್ದೇ ಇರಬೇಕು. ಹಳೆಯದನ್ನು ಕೊಟ್ಟರೆ, ಬೂತ್ ನೆಟ್‌ಲಿಸ್ಟನ್ನು (ಗೇಟ್‌ಗಳ ಮತ್ತು ಜೋಡಣೆಗಳ ಪಟ್ಟಿಯನ್ನು) ಕೋಡ್‌ನ ಗುಣಾಕಾರ ಚಿಹ್ನೆಯೊಂದಿಗೆ ಹೋಲಿಸುವಾಗ ಟೂಲ್ ಗಂಟೆಗಟ್ಟಲೆ ಒದ್ದಾಡಿ, ಪಾಸೂ ಅಲ್ಲದ ಫೇಲೂ ಅಲ್ಲದ ‘ಅಬಾರ್ಟ್’ ಪಾಯಿಂಟ್‌ಗಳನ್ನು ಕೈಗಿಡಬಹುದು.