ಪ್ಲಾಸ್ಟರ್ ಇಲ್ಲದ ಗೋಡೆಗೆ ಮಣ್ಣಿನ ಬ್ಲಾಕ್: ಕೊಳ್ಳುವ ಮುನ್ನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರ ಬೆಳೆಸಿದ, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ (230×190×100 ಮಿ.ಮೀ.) ಪ್ಲಾಸ್ಟರ್ ಬೇಡ ಎನ್ನುವವರಿಗೆ ನಮ್ಮ ಮೊದಲ ಆಯ್ಕೆ. ಆದರೆ ಇಲ್ಲಿ ಮನೆಯ ಅಳತೆ ಹೇಳುವುದು ಬ್ಲಾಕೇ.

12 ಮಿ.ಮೀ. ಗಾರೆ ಸೇರಿದರೆ ಒಂದು ವರಸೆ (ಬ್ಲಾಕ್‌ಗಳ ಒಂದು ಅಡ್ಡಸಾಲು) 112 ಮಿ.ಮೀ. ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡತೊಲೆ) ಎತ್ತರ 2100 ಎಂದು ನಕ್ಷೆಯಲ್ಲಿದ್ದರೆ 19ನೇ ವರಸೆಯನ್ನು ಸೀಳಬೇಕಾಗುತ್ತದೆ. 2128 (19 ಪೂರ್ತಿ ವರಸೆ) ಎಂದು ತಿದ್ದಿಸಿ. ಕಿಟಕಿಯ ಅಗಲ 1200 ಬೇಡ, 1222 (ಐದು ಬ್ಲಾಕ್, ಆರು ಸಂದು) ಇರಲಿ. ಸೀಳಿದ ತುಂಡು ಬರಿಗೋಡೆಯಲ್ಲಿ ಎದ್ದು ಕಾಣುತ್ತದೆ, ಏಕೆಂದರೆ ಕಣ್ಣು ಬ್ಲಾಕ್‌ಗಿಂತ ಹೆಚ್ಚಾಗಿ ಗಾರೆಯ ಗೆರೆಯನ್ನೇ ಹಿಂಬಾಲಿಸುತ್ತದೆ. ಒಂದು ಬಿಟ್ಟು ಒಂದು ವರಸೆಯ ನಿಂತ ಸಂದುಗಳು ತೂಗುಗುಂಡಿನ ನೇರಕ್ಕಿಲ್ಲದಿದ್ದರೆ ನೆಟ್ಟಗಿರುವ ಗೋಡೆಯೂ ವಾಲಿದಂತೆ ಕಾಣುತ್ತದೆ! ಪಡುವಣ ಗೋಡೆಯಲ್ಲಂತೂ ಓರೆ ಬಿಸಿಲು ಎರಡು ಮಿ.ಮೀ. ಉಬ್ಬನ್ನೂ ನೆರಳಾಗಿ ತೋರಿಸುತ್ತದೆ. ಹಾಗಾಗಿ ಒಳ್ಳೆಯ ಮೇಸ್ತ್ರಿ ಸಿಗುವವರೆಗೆ ಕೆಲಸ ಶುರುಮಾಡಬೇಡಿ.

ಎಳೆತದ ಬಲ ಈ ಬ್ಲಾಕ್‌ಗೆ ತೀರಾ ಕಡಿಮೆ, ಒತ್ತಡ ತಾಳುತ್ತದೆ. ಅಗಲ ಕಿಟಕಿಯ ಮೇಲೆ, ಭಾರವನ್ನು ಒತ್ತಡವಾಗಿಯೇ ಇಳಿಸುವ ಕಮಾನು ಹೊಂದುವುದು ಅದಕ್ಕೇ.

ಕೊಳ್ಳುವಾಗ ಸಿಮೆಂಟ್ ಶೇ. 7ರ ಆಸುಪಾಸು ಇದೆಯೇ, 21 ದಿನ ನೀರುಣಿಸಿದ್ದಾರೆಯೇ ಕೇಳಿ. ಒಂದನ್ನು ರಾತ್ರಿಯಿಡೀ ನೀರಲ್ಲಿಡಿ: ಅಂಚು ಉದುರಿದರೆ ಲೋಡ್ ವಾಪಸ್ ಕಳಿಸಿ. ಮಣ್ಣು ಬದಲಾದಂತೆ ಬಣ್ಣವೂ ಬದಲಾಗುವುದರಿಂದ ಮೂರ್ನಾಲ್ಕು ಲೋಡ್ ಬೆರೆಸಿ ಕಟ್ಟಿಸಿ, ಪಟ್ಟೆ ಬೀಳುವುದಿಲ್ಲ. ಮಳೆ ಹನಿ ಸಿಡಿಯುವ ಬುಡಕ್ಕೆ ಕಲ್ಲಿನ ಪೀಠವೇ ಬೇಕು.